ಮುಳುಗಿದ ಊರಿನ ಕಾದಂಬರಿ: ಎಲ್ಲಿ ಹುಡುಕಬೇಕು, ಯಾರಿಗೆ ತಲುಪಿಸಬೇಕು?

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ನನ್ನ ಅಜ್ಜಿಯ ತವರೂರು ಸಾಗರ ತಾಲ್ಲೂಕಿನಲ್ಲಿತ್ತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅವರ ಕುಟುಂಬ ರಿಪ್ಪನ್‌ಪೇಟೆ ಕಡೆಗೆ ಬಂದು ನೆಲೆಸಿತು. ಅಜ್ಜಿ ಮೂರು ವರ್ಷದ ಹಿಂದೆ ತೀರಿಕೊಂಡರು. ಅವರ ಅಕ್ಕ ಆನಂದಪುರದ ಬಳಿ ಇದ್ದಾರೆ. ಅಜ್ಜಿಯ ಬಾಲ್ಯವನ್ನಿಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. 90 ಪುಟ ಆಗಿದೆ, ಮುಂದೆ ಸಾಗುತ್ತಿಲ್ಲ. ಎಷ್ಟು ಮಾಹಿತಿ ಕಲೆಹಾಕಿದರೂ ಸಾಲದು ಎನಿಸುತ್ತದೆ. ಈ ವಿಷಯದ ಮೇಲೆ ದೊಡ್ಡವರು ಈಗಾಗಲೇ ಬರೆದಿದ್ದಾರೆ ಎಂಬ ಅಳುಕೂ ಇದೆ. ಮುಗಿದರೂ ಹೊಸಬನ ಪುಸ್ತಕವನ್ನು ಯಾರು ಪ್ರಕಟಿಸುತ್ತಾರೆ, ಪ್ರಚಾರ ಮಾಡುವುದು ಹೇಗೆ? ಮೊದಲ ಎರಡು ಅಧ್ಯಾಯಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಮೊದಲ ಅಧ್ಯಾಯವನ್ನು ಪೆನ್ನು ಹಿಡಿದು ಓದಿದೆ. ಎರಡನೆಯದನ್ನು ಓದುವಾಗ ಪೆನ್ನು ಕೆಳಗಿಟ್ಟದ್ದು ನನಗೇ ತಿಳಿಯಲಿಲ್ಲ.

ಮೊದಲ ಅಧ್ಯಾಯದಲ್ಲಿ ಶರಾವತಿ ಅಂಬುತೀರ್ಥದಲ್ಲಿ ಹುಟ್ಟುತ್ತಾಳೆ, ಜೋಗದಲ್ಲಿ ಧುಮುಕುತ್ತಾಳೆ, ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಎಂಟು ಪುಟ ಕಳೆದರೂ ಒಬ್ಬ ಮನುಷ್ಯನೂ ಬಾಯಿ ಬಿಡುವುದಿಲ್ಲ. ಎರಡನೆಯದರಲ್ಲಿ ಹದಿನಾಲ್ಕು ವರ್ಷದ ಹುಡುಗಿ ಜಗಲಿಯಲ್ಲಿ ಕುಳಿತು, ಭೂಮಿ ಹುಣ್ಣಿಮೆಯ ಪೂಜೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಾಳೆ. ಕೆಮ್ಮಣ್ಣು ಬಳಿದ ಬುಟ್ಟಿ ಒಣಗಿದೆ, ಬಟ್ಟಲಲ್ಲಿ ಅಕ್ಕಿಹಿಟ್ಟಿನ ಬಿಳಿ ಇದೆ, ಕೈಯಲ್ಲಿ ಪುಂಡಿನಾರಿನ ಕುಂಚ ಇದೆ. ಅವಳ ತಾಯಿ ಒಳಗಿನಿಂದ ಬಂದು ನಿಂತು, "ಬರುವ ವರ್ಷ ಇದನ್ನು ಯಾವ ಗದ್ದೆಗೆ ಹೊತ್ತುಕೊಂಡು ಹೋಗುವುದು?" ಎಂದು ಕೇಳುತ್ತಾಳೆ. ನಿಮ್ಮ ಕಾದಂಬರಿ ಶುರುವಾಗುವುದು ಇಲ್ಲಿಂದ. ಮೊದಲ ಅಧ್ಯಾಯವನ್ನು ತೆಗೆದುಹಾಕಿ. ಅದಕ್ಕಾಗಿ ಪಟ್ಟ ಶ್ರಮ ವ್ಯರ್ಥವಾಗಿಲ್ಲ. ಆ ಎಂಟು ಪುಟ ಬರೆಯದಿದ್ದರೆ ಈ ಬುಟ್ಟಿಯವರೆಗೆ ನೀವು ಬರುತ್ತಿರಲಿಲ್ಲ. ಆದರೆ ಓದುಗರು ಆ ದಾರಿಯನ್ನು ನಿಮ್ಮೊಂದಿಗೆ ಮತ್ತೆ ನಡೆಯಬೇಕಾಗಿಲ್ಲ.

ಮಾಹಿತಿ ಎಷ್ಟು ಬೇಕು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಪಾತ್ರದ ಕೈಗೆ ತಾಗುವುದು, ಕಣ್ಣಿಗೆ ಬೀಳುವುದು, ನಿದ್ದೆ ಕೆಡಿಸುವುದು ಒಳಗೆ ಬರಲಿ. ಉಳಿದದ್ದು ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ. ನೀವು ಬರೆದಿರುವ ಒಂದು ಸಾಲು ಹೀಗಿದೆ: "1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿಗಳಾಗಿದ್ದು, ಅನೇಕ ಗ್ರಾಮಗಳು ಜಲಾವೃತವಾದವು." ಸಂಗತಿ ಸರಿಯಾಗಿದೆ. ಆದರೆ 1,819 ಎಂಬುದು ಎಂಜಿನಿಯರರ ಅಂಕಿ. ಆ ಹುಡುಗಿಯ ಮನೆಯಲ್ಲಿ ಅದು ಯಾವ ರೂಪದಲ್ಲಿ ಬಂದೀತು? ಹೀಗೆ ಬರೆದು ನೋಡಿ: "ಸರ್ವೆಯವರು ದೇವರ ಬನದ ಹಿಂದಿನ ದಿಬ್ಬದಲ್ಲಿ ಒಂದು ಕಲ್ಲು ನೆಟ್ಟು ಸುಣ್ಣ ಬಳಿದರು. ನೀರು ಅಲ್ಲಿಯವರೆಗೆ ಬರುತ್ತದೆ ಎಂದರು. ಅಂಗಳದಲ್ಲಿ ನಿಂತಿದ್ದ ಅಪ್ಪ ಆ ಕಲ್ಲನ್ನು ನೋಡಲು ತಲೆ ಎತ್ತಬೇಕಾಯಿತು." ಮನೆ ಮುಳುಗುತ್ತದೆ ಎಂದು ಇಲ್ಲಿ ಯಾರೂ ಹೇಳಲಿಲ್ಲ, ಅಪ್ಪನ ಕತ್ತು ಹೇಳಿತು. 1,819 ಎಂಬ ಅಂಕಿ ನಿಮಗೆ ಗೊತ್ತಿರಲೇಬೇಕು, ಕಲ್ಲನ್ನು ಎಷ್ಟು ಎತ್ತರದಲ್ಲಿ ನೆಡಬೇಕೆಂದು ತಿಳಿಯಲು.

ಹುಡುಕಾಟವನ್ನು ದಯವಿಟ್ಟು ಕಡತಗಳಿಂದ ಆರಂಭಿಸಬೇಡಿ. ಕಡತ ಕಾಯುತ್ತದೆ, ಮನುಷ್ಯರು ಕಾಯುವುದಿಲ್ಲ. 1962ರಲ್ಲಿ ಹದಿನೈದು ವರ್ಷದವರಾಗಿದ್ದವರು ಈಗ ಎಂಬತ್ತರ ಹತ್ತಿರ ಇದ್ದಾರೆ. ಆನಂದಪುರದಲ್ಲಿರುವ ನಿಮ್ಮ ದೊಡ್ಡಜ್ಜಿಯನ್ನು ನೋಡಲು ಮುಂದಿನ ಹಬ್ಬದವರೆಗೆ ಕಾಯದೆ ಈ ತಿಂಗಳೇ ಹೋಗಿ. ಕುಳಿತ ಕೂಡಲೇ ಮೊಬೈಲ್ ತೆಗೆದು ರೆಕಾರ್ಡ್ ಹಾಕಬೇಡಿ. ಮೊದಲ ದಿನ ಸುಮ್ಮನೆ ಊಟ ಮಾಡಿ ಬನ್ನಿ. ಎರಡನೆಯ ಸಲ ಅನುಮತಿ ಕೇಳಿ ರೆಕಾರ್ಡ್ ಮಾಡಿ. "ಊರು ಬಿಡುವಾಗ ಎಷ್ಟು ದುಃಖವಾಯಿತು?" ಎಂದು ಕೇಳಿದರೆ "ಬಹಳ ದುಃಖ ಆಯಿತಪ್ಪ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. "ಎತ್ತುಗಳನ್ನು ಏನು ಮಾಡಿದಿರಿ?", "ಒರಳುಕಲ್ಲನ್ನು ತಂದಿರಾ, ಬಿಟ್ಟಿರಾ?", "ಲಾರಿಯಲ್ಲಿ ಯಾರು ಎಲ್ಲಿ ಕುಳಿತಿದ್ದರು?" ಎಂದು ಕೇಳಿ.

ಹಲವು ವರ್ಷಗಳ ಹಿಂದೆ ಅದೇ ಸೀಮೆಯ ಒಂದು ಮನೆಗೆ ಹೋಗಿದ್ದೆ. ಮಣ್ಣಿನ ಗೋಡೆಯ ಸಣ್ಣ ಮನೆ. ಆದರೆ ಮುಂಬಾಗಿಲಿನ ಚೌಕಟ್ಟು ಮಾತ್ರ ದೊಡ್ಡ ಮನೆಗೆ ಸಲ್ಲುವಂಥದ್ದು, ಕೆತ್ತನೆಯದು. ಸೂರಿನ ಎತ್ತರ ಸಾಲದೆ ಮೇಲಿನ ಪಟ್ಟಿಯನ್ನು ಗರಗಸದಿಂದ ಕೊಯ್ದಿದ್ದರು. ನಾನು ಕೇಳುವ ಮೊದಲೇ ಮನೆಯ ಹಿರಿಯ ಹೆಂಗಸು ಹೇಳಿದರು: "ಅದು ಅಲ್ಲಿಯದು. ನಮ್ಮ ಮಾವ ಮನೆ ಬಿಚ್ಚುವಾಗ ಮೊದಲು ಅದನ್ನೇ ಬಿಚ್ಚಿದರು. ಆ ರಾತ್ರಿ ಬಾಗಿಲಿಲ್ಲದ ಮನೆಯಲ್ಲಿ ಮಲಗಿದೆವು." ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಕೊಯ್ದ ಅಂಚನ್ನು ಅವರು ಹೆಬ್ಬೆರಳಿನಿಂದ ಸವರಿದ್ದನ್ನು ನೋಡಿದೆ. ಇಂಥದ್ದು ಯಾವ ಕಡತದಲ್ಲೂ ಸಿಗುವುದಿಲ್ಲ.

ಕಡತಕ್ಕೆ ಅದರದೇ ಕೆಲಸವಿದೆ. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ, ಹಳೆಯ ಮೈಸೂರು ಗೆಜೆಟ್ಟಿನ ಸಂಪುಟಗಳನ್ನು ಕೇಳಿ. 1894ರ ಭೂಸ್ವಾಧೀನ ಕಾಯ್ದೆಯ 4ನೇ ಮತ್ತು 6ನೇ ಕಲಮಿನ ಅಧಿಸೂಚನೆಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಗ್ರಾಮ, ಸರ್ವೆ ನಂಬರು, ಖಾತೆದಾರರ ಹೆಸರು, ಜಮೀನು ತರಿಯೋ (ನೀರಾವರಿ) ಖುಷ್ಕಿಯೋ (ಮಳೆಯಾಶ್ರಿತ) ಬಾಗಾಯ್ತೋ (ತೋಟ), ಎಷ್ಟು ಎಕರೆ ಎಷ್ಟು ಗುಂಟೆ ಎಂಬ ವಿವರಗಳನ್ನು ಇಂಥ ಪಟ್ಟಿಗಳಲ್ಲಿ ಹುಡುಕಿ. 1961ರ ಜನಗಣತಿಯ ಶಿವಮೊಗ್ಗ ಜಿಲ್ಲಾ ಕೈಪಿಡಿಯನ್ನು 1971ರದ್ದರ ಪಕ್ಕದಲ್ಲಿಟ್ಟು ನಿಮ್ಮ ಹೋಬಳಿಯ ಪುಟ ಓದಿ. ಒಂದರಲ್ಲಿ ಮನೆಗಳ ಸಂಖ್ಯೆ, ಜನಸಂಖ್ಯೆ ಇರುವ ಊರನ್ನು ಇನ್ನೊಂದರಲ್ಲಿ ಬೆರಳಿಟ್ಟು ಹುಡುಕುವುದು ಒಂದು ಅನುಭವ. ಅಣೆಕಟ್ಟಿಗೆ ಮುಂಚಿನ ನಕಾಶೆ ಬೇಕಾದರೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ 1950ರ ದಶಕದ ಭಾರತದ ನಕಾಶೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅದನ್ನು ಮುದ್ರಿಸಿಕೊಂಡು ದೊಡ್ಡಜ್ಜಿಯ ಮುಂದೆ ಹರಡಿ.

ಕಡತದಲ್ಲಿ ಯಾರಿಲ್ಲ ಎಂಬುದನ್ನೂ ಗಮನಿಸಿ. ಬಾಯಿಮಾತಿನ ಗೇಣಿಯ ಮೇಲೆ ಗದ್ದೆ ಮಾಡುತ್ತಿದ್ದವರಿಗೆ ತೋರಿಸಲು ಕಾಗದವಿರಲಿಲ್ಲ. ಪರಿಹಾರದ ಹಣ ಯಾರ ಕೈ ಸೇರಿತು, ಗೇಯ್ದವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯಲ್ಲೇ ನಿಮ್ಮ ಕಾದಂಬರಿಯ ಅರ್ಧ ಸಂಘರ್ಷ ಇದೆ. ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದಕ್ಕೆ ಒಂದು ಮುಖ್ಯ ಕಾರಣ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಹೋರಾಟ ಅದು. ಹಾಗಾಗಿ ನಿಮ್ಮ ಕಾದಂಬರಿಯ ಅಂಗಳದಲ್ಲಿ ಒಂದು ಕೊಳಗ ಇದ್ದರೆ ಅದು ಬರಿಯ ಅಲಂಕಾರದ ಹಳೆಯ ಪಾತ್ರೆಯಲ್ಲ. ಅದನ್ನು ಕಂಡಾಗ ಮನೆಯ ಗಂಡಸು ಏನು ನೆನೆಸಿಕೊಳ್ಳುತ್ತಾನೆ ಎಂಬುದು ನಿಮಗೆ ಗೊತ್ತಿರಬೇಕು.

ಕಾಲದ ವಿವರಗಳಲ್ಲಿ ಹೊಸಬರು ಹೆಚ್ಚು ಎಡವುವುದು ದೊಡ್ಡ ಘಟನೆಗಳಲ್ಲಲ್ಲ, ದುಡ್ಡಿನಲ್ಲಿ ಮತ್ತು ತೂಕದಲ್ಲಿ. ನಾನೂ ಎಡವಿದ್ದೇನೆ. ನನ್ನ ಮೊದಲ ಕಾದಂಬರಿಯಲ್ಲಿ 1955ರ ಜಾತ್ರೆಯೊಂದರಲ್ಲಿ ಹುಡುಗನೊಬ್ಬ ಹತ್ತು ನಯಾಪೈಸೆ ಕೊಟ್ಟು ಬತ್ತಾಸು ಕೊಳ್ಳುತ್ತಾನೆ. ಪುಸ್ತಕ ಬಂದ ತಿಂಗಳಿಗೆ ನಿವೃತ್ತ ಶಿಕ್ಷಕರೊಬ್ಬರಿಂದ ಅಂಚೆ ಕಾರ್ಡು ಬಂತು. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ ಎಂದು ತಿಳಿಸಿ, "ಅಲ್ಲಿಂದ ಮುಂದೆ ನಿಮ್ಮನ್ನು ನಂಬಿ ಓದಲಾಗಲಿಲ್ಲ" ಎಂದು ಬರೆದಿದ್ದರು. ಆ ಕಾರ್ಡು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಿಮ್ಮ ಕಥೆ 1958ರಿಂದ 1964ರವರೆಗೆ ನಡೆಯುವುದರಿಂದ ತೊಡಕು ಇನ್ನೂ ಹೆಚ್ಚು. ಅಂಗಡಿಯ ಚೀಟಿಯಲ್ಲಿ ನಯಾಪೈಸೆ ಇರುತ್ತದೆ, ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ. ಮೆಟ್ರಿಕ್ ತೂಕ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂತು. ಪೇಟೆಯಲ್ಲಿ ಕಿಲೋ ಬಂದರೂ ಮನೆಯಲ್ಲಿ ಸೇರು, ಕೊಳಗ, ಖಂಡುಗವೇ. ಎರಡನ್ನೂ ಒಂದೇ ಸಂಭಾಷಣೆಯಲ್ಲಿ ತಂದರೆ ಕಾಲ ತಾನಾಗಿ ಕಾಣುತ್ತದೆ. ನಿಮ್ಮ ಎರಡನೆಯ ಅಧ್ಯಾಯದಲ್ಲಿ 1962ರಲ್ಲಿ ಶಾನುಭೋಗರ ಮನೆಯ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಕೇಳಿಸುತ್ತದೆ. ಆ ಕೇಂದ್ರ ಆರಂಭವಾದದ್ದು 1965ರಲ್ಲಿ. ಬೆಂಗಳೂರು ಅಥವಾ ಧಾರವಾಡ ಕೇಂದ್ರ ಎಂದು ತಿದ್ದಿ. ಇನ್ನೊಂದು ಕಡೆ "ಕರ್ನಾಟಕ ಸರ್ಕಾರದ ನೋಟೀಸು" ಎಂದಿದೆ. 1973ರ ನವೆಂಬರ್ 1ರವರೆಗೆ ಅದು ಮೈಸೂರು ಸರ್ಕಾರ.

ಮಂಗನ ಕಾಯಿಲೆಯನ್ನೂ ತರಬೇಕೆಂದು ಟಿಪ್ಪಣಿಯಲ್ಲಿ ಬರೆದಿದ್ದೀರಿ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದು ಪತ್ತೆಯಾಯಿತು, ನಿಜ. ಆದರೆ ಅಣೆಕಟ್ಟು, ಗೇಣಿ, ಕಾಯಿಲೆ, ಚೀನಾ ಯುದ್ಧ ಎಲ್ಲವೂ ಒಂದೇ ಹುಡುಗಿಯ ತಲೆಯ ಮೇಲೆ ಬಿದ್ದರೆ ಹುಡುಗಿಯೇ ಕಾಣದಾಗುತ್ತಾಳೆ. ಬಿಟ್ಟುಬಿಡಿ.

ದೊಡ್ಡವರು ಬರೆದಿದ್ದಾರೆ ಎಂಬ ಅಳುಕಿನ ಬಗ್ಗೆ. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ಮುಳುಗಡೆಯ ಸಂಕಟವನ್ನು ಕನ್ನಡಕ್ಕೆ ತಂದದ್ದರಲ್ಲಿ ಅವರ ಪಾಲು ದೊಡ್ಡದು. ಅವರನ್ನು ಗೌರವದಿಂದ ಓದಿ, ಆದರೆ ನಿಮ್ಮ ಮೊದಲ ಕರಡು ಮುಗಿದ ಮೇಲೆ ಓದಿ. ಅವರು ಆ ಹೊತ್ತಿನಲ್ಲಿ ಅಲ್ಲಿದ್ದು ಕಂಡರು. ನೀವು ಮೂರನೆಯ ತಲೆಮಾರಿನವರು. ಮುಳುಗಿದ್ದನ್ನು ಕಾಣದೆ, ಅದರ ಮಾತು ಕೇಳುತ್ತ ಬೆಳೆದವರು. ಅರವತ್ತು ವರ್ಷ ಕಳೆದರೂ ಪುನರ್ವಸತಿಯ ಜಾಗಕ್ಕೆ ಹಕ್ಕುಪತ್ರವಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವ ಕುಟುಂಬಗಳು ಇನ್ನೂ ಇವೆ. ಆ ಕಾಗದ ನಿಮ್ಮ ತಲೆಮಾರಿನ ಕಥೆ, ಅದನ್ನು ನೀವೇ ಬರೆಯಬೇಕು.

90ನೇ ಪುಟದಲ್ಲಿ ನಿಂತಿರುವುದಕ್ಕೆ ಕಾರಣ ಮಾಹಿತಿಯ ಕೊರತೆ ಎಂದು ನಾನು ಭಾವಿಸುವುದಿಲ್ಲ. ತಿಳಿಯದ ಜಾಗ ಬಂದಾಗಲೆಲ್ಲ ಬರೆಯುವುದನ್ನು ಬಿಟ್ಟು ಹುಡುಕಲು ಕೂರುತ್ತಿದ್ದೀರಿ. ಹಾಗೆ ಮಾಡಬೇಡಿ. ಲಾರಿಯ ಬಾಡಿಗೆ ಗೊತ್ತಿಲ್ಲವೇ? ಒಂದು ಗೆರೆ ಎಳೆದು ಖಾಲಿ ಬಿಟ್ಟು ಮುಂದೆ ಹೋಗಿ. ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮೊದಲು ಒಂದು ಗಂಟೆ, ದಿನಕ್ಕೆ ಮುನ್ನೂರು ಪದ. ನೀವು ಕಳುಹಿಸಿದ ಪುಟಗಳ ಅಳತೆಯಲ್ಲಿ ಲೆಕ್ಕ ಹಾಕಿದೆ: 90 ಪುಟಕ್ಕೆ ಸುಮಾರು 22 ಸಾವಿರ ಪದ ಆಗಿದೆ. 60 ಸಾವಿರಕ್ಕೆ ಇನ್ನು 38 ಸಾವಿರ. ನಡುವೆ ರಜೆ ಬಿದ್ದರೂ ಐದಾರು ತಿಂಗಳ ಕೆಲಸ. ಖಾಲಿ ಗೆರೆಗಳನ್ನೆಲ್ಲ ಪಟ್ಟಿ ಮಾಡಿ ಒಂದೇ ಸಲ ಹುಡುಕಲು ಹೋಗಿ. ಅರ್ಧದಷ್ಟು ಗೆರೆಗಳಿಗೆ ಉತ್ತರವೇ ಬೇಕಾಗಿರಲಿಲ್ಲ ಎಂದು ಆಗ ತಿಳಿಯುತ್ತದೆ. ಭಾಷೆಯ ವಿಷಯದಲ್ಲಿ ಒಂದು ಮಾತು: ನಿರೂಪಣೆ ಗ್ರಂಥಸ್ಥ ಕನ್ನಡದಲ್ಲಿರಲಿ, ಮಾತುಕತೆ ನಿಮ್ಮ ಮನೆಯ ಮಾತಿನಲ್ಲಿರಲಿ. ಅಜ್ಜಿಯ ಬಾಯಿಗೆ ಪಠ್ಯಪುಸ್ತಕದ ಕನ್ನಡ ತುರುಕಬೇಡಿ.

ಇನ್ನು ಪ್ರಕಟಣೆ. 60 ಸಾವಿರ ಪದ ಎಂದರೆ ಡೆಮಿ 1/8 ಆಕಾರದಲ್ಲಿ ಸುಮಾರು 240 ಪುಟ, ಹದಿನಾರು ಪುಟದ ಹದಿನೈದು ಫಾರಂ. ಹೊಸಬರ ಕಾದಂಬರಿಯನ್ನು ಸಾಮಾನ್ಯವಾಗಿ 500 ಪ್ರತಿ ಅಚ್ಚು ಹಾಕುತ್ತಾರೆ. ಮುಖಬೆಲೆ 250 ರೂಪಾಯಿ, ಗೌರವಧನ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ ಎಲ್ಲ ಪ್ರತಿ ಮಾರಾಟವಾದಾಗ ನಿಮಗೆ ಬರುವುದು 12,500 ರೂಪಾಯಿ. ಇದನ್ನು ಮೊದಲೇ ತಿಳಿದುಕೊಂಡು ಕೆಲಸಕ್ಕಿಳಿಯುವುದು ಒಳ್ಳೆಯದು. ಪ್ರಕಾಶಕರಿಗೆ ಇಡೀ ಹಸ್ತಪ್ರತಿ ಸುರಿಯಬೇಡಿ. ಒಂದು ಪುಟದ ಕಥಾಸಾರ, ಮೊದಲ ಮೂವತ್ತು ಪುಟ, ನಾಲ್ಕು ಸಾಲಿನ ಪತ್ರ ಸಾಕು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ಗಳಿಂದ ಬದಲಾಯಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಯಾರಾದರೂ ನಿಮ್ಮಿಂದ ಹಣ ಕೇಳಿದರೆ ಅದು ಸ್ವಂತ ಪ್ರಕಟಣೆ ಎಂದು ಸ್ಪಷ್ಟವಾಗಿ ತಿಳಿಯಿರಿ. ಅದರಲ್ಲಿ ಅವಮಾನವೇನಿಲ್ಲ, ಆದರೆ ಆಗ ಪುಸ್ತಕದ ಪ್ರತಿಗಳೂ ಲೆಕ್ಕವೂ ನಿಮ್ಮ ಕೈಯಲ್ಲಿರಬೇಕು. ಒಪ್ಪಂದ ಕಾಗದದ ಮೇಲಿರಲಿ. ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ಸರ್ಕಾರದ ಸಂಸ್ಥೆಯೇ ಉಚಿತವಾಗಿ ಕೊಡುತ್ತದೆ, ಅದಕ್ಕಾಗಿ ಯಾರಿಗೂ ಹಣ ತೆರಬೇಡಿ.

ನಿಮ್ಮ ವಯಸ್ಸಿನ ಕಾರಣ ಒಂದು ತುರ್ತು ವಿಷಯ: ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ವಯೋಮಿತಿ 35. ಈ ವರ್ಷದ ಪ್ರಕಟಣೆಯನ್ನು ಈಗಲೇ ನೋಡಿ. ಕಾದಂಬರಿ ಸ್ಪರ್ಧೆಗಳ ಮೇಲೂ ಕಣ್ಣಿಡಿ. ಬಹುಮಾನ ಬರದಿದ್ದರೂ ಕೊನೆಯ ದಿನಾಂಕ ಎಂಬುದೊಂದು ಕರಡನ್ನು ಮುಗಿಸಿಸುತ್ತದೆ.

ಪ್ರಚಾರವನ್ನು ನೀವು ಕೊನೆಯ ಪ್ರಶ್ನೆಯಾಗಿ ಕೇಳಿದ್ದೀರಿ. ನನ್ನ ಪ್ರಕಾರ ಅದು ನೀವು ದೊಡ್ಡಜ್ಜಿಯ ಜಗಲಿಯಲ್ಲಿ ಕೂರುವ ದಿನವೇ ಶುರುವಾಗುತ್ತದೆ. ನೀವು ಮಾತನಾಡಿಸುವ ಪ್ರತಿಯೊಂದು ಮನೆಯೂ ಈ ಪುಸ್ತಕಕ್ಕೆ ಕಾಯುವ ಮನೆ. ಹೆಸರು, ಊರು, ಫೋನ್ ಸಂಖ್ಯೆ, ಯಾವ ಮುಳುಗಿದ ಊರಿನವರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅವರು ಹೇಳಿದ್ದನ್ನು ಎಲ್ಲಿ ಬಳಸಿದ್ದೀರೋ ಆ ಪುಟಗಳನ್ನು ಅಚ್ಚಿಗೆ ಮೊದಲು ಅವರಿಗೆ ಓದಿ ಹೇಳಿ; ತಪ್ಪು ತಿದ್ದುತ್ತಾರೆ, ಮುಚ್ಚಿಡಬೇಕಾದ ಹೆಸರನ್ನೂ ಹೇಳುತ್ತಾರೆ. ಪುಸ್ತಕ ಬಂದಾಗ ಮೊದಲ ಪ್ರತಿ ಅವರ ಕೈಗೆ ಹೋಗಬೇಕು, ಸಾಧ್ಯವಾದರೆ ನೀವೇ ಕೊಂಡೊಯ್ಯಬೇಕು. ಹಳೆಯ ತಲೆಮಾರಿನ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ಕನ್ನಡ ನಾಡು ಇನ್ನೂ ನೆನೆಯುತ್ತದೆ. ಓದುಗ ಸಿಗುವುದು ಹಾಗೆ, ಒಬ್ಬೊಬ್ಬರಾಗಿ, ಅವರವರ ಮನೆಯ ಬಾಗಿಲಲ್ಲಿ.

ಹಾಗಾಗಿ ಬೆಂಗಳೂರಿನ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಬಿಡುಗಡೆ ಇಟ್ಟುಕೊಂಡು ನೆಂಟರಿಗೆ ಉಪ್ಪಿಟ್ಟು ಕೊಡುವ ಖರ್ಚನ್ನು ಉಳಿಸಿ. ರಿಪ್ಪನ್‌ಪೇಟೆಯಲ್ಲೋ ಸಾಗರದಲ್ಲೋ ಶಾಲೆಯ ಅಂಗಳದಲ್ಲಿ ಬಿಡುಗಡೆ ಮಾಡಿ. ಮುಳುಗಿದ ಊರುಗಳ ಹೆಸರನ್ನು ಗಟ್ಟಿಯಾಗಿ ಓದಿಸಿ, ಆ ಊರಿನವರು ಇದ್ದಲ್ಲಿಯೇ ಎದ್ದು ನಿಲ್ಲಲಿ. ಹೆಗ್ಗೋಡು ಅಲ್ಲೇ ಇದೆ. ಅಲ್ಲಿನ ರಂಗಸಂಸ್ಥೆ ನೀನಾಸಂ ಸುತ್ತಮುತ್ತ ಓದುವ ಜನ ಇದ್ದಾರೆ, ಒಂದು ಅಧ್ಯಾಯ ಓದಲು ಅವಕಾಶ ಕೇಳಿ. ಬುಟ್ಟಿಯ ಅಧ್ಯಾಯವನ್ನು ಭೂಮಿ ಹುಣ್ಣಿಮೆಗೆ ಎರಡು ತಿಂಗಳು ಮೊದಲೇ ವಾರಪತ್ರಿಕೆಗೋ ಭಾನುವಾರದ ಪುರವಣಿಗೋ ಕಳುಹಿಸಿ. ಸಂಪಾದಕರಿಗೆ ಆ ಹೊತ್ತಿನಲ್ಲಿ ಅಂಥ ಬರಹ ಬೇಕಿರುತ್ತದೆ. ಅದೇ ಅಧ್ಯಾಯವನ್ನು ನಿಮ್ಮ ದನಿಯಲ್ಲೇ ಓದಿ ಹತ್ತು ನಿಮಿಷದ ಆಡಿಯೋ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಕಣ್ಣು ಮಂಜಾದ ಹಿರಿಯರು ಪುಸ್ತಕ ಓದಲಾರರು, ಕೇಳುತ್ತಾರೆ. ಕೇಳಿದ ಮೇಲೆ ಮೊಮ್ಮಕ್ಕಳಿಗೆ ಪುಸ್ತಕ ತರಲು ಹೇಳುತ್ತಾರೆ. ಅಂಗಡಿಗಳಿಗೆ ನೂರಕ್ಕೆ ಮೂವತ್ತರಿಂದ ನಲವತ್ತು ರಿಯಾಯಿತಿ ಕೊಡಬೇಕಾಗುತ್ತದೆ, ಕೊಡಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಆಯ್ಕೆಗೆ ತಪ್ಪದೆ ಅರ್ಜಿ ಹಾಕಿ. ಜಾಲತಾಣದಲ್ಲಿ ದಿನವೂ "ಕೊಂಡು ಓದಿ" ಎಂದು ಹಾಕುವುದಕ್ಕಿಂತ ವಾರಕ್ಕೊಮ್ಮೆ ಒಂದು ಮುಳುಗಿದ ಊರಿನ ಬಗ್ಗೆ ಹತ್ತು ಸಾಲು ಬರೆಯಿರಿ.

ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ, 1948ರ ಹಿರೇಭಾಸ್ಕರ ಅಣೆಕಟ್ಟು ಹಿನ್ನೀರಿನ ನಡುವೆ ಎದ್ದು ಕಾಣುತ್ತದೆ. ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳೆಯ ಅಣೆಕಟ್ಟು ಅದು. ಹಾಗೆ ಕಾಣುವ ಬೇಸಿಗೆಯಲ್ಲಿ ದೊಡ್ಡಜ್ಜಿಯ ಆರೋಗ್ಯ ಒಪ್ಪಿದರೆ ಅವರನ್ನು ದಡದವರೆಗೆ ಕರೆದುಕೊಂಡು ಹೋಗಿ. ನೀವು ಏನನ್ನೂ ಕೇಳಬೇಡಿ, ಅವರು ಯಾವ ದಿಕ್ಕಿಗೆ ಕೈ ತೋರುತ್ತಾರೆ ಎಂಬುದನ್ನು ನೋಡಿ.

ಕೊನೆಗೆ ನನ್ನದೇ ಒಂದು ಪ್ರಶ್ನೆ. ಎರಡನೆಯ ಅಧ್ಯಾಯದ 17ನೇ ಪುಟದಲ್ಲಿ ಗಬ್ಬದ ಹಸುವೊಂದು ಕೊಟ್ಟಿಗೆಯಲ್ಲಿದೆ. ಲಾರಿ ಬರುವ ಹೊತ್ತಿಗೆ ಅದರ ಸುದ್ದಿಯೇ ಇಲ್ಲ. ಅದನ್ನು ಮಾರಿದರೇ, ಹೊಡೆದುಕೊಂಡು ನಡೆದರೇ, ಅಲ್ಲೇ ಬಿಟ್ಟು ಬಂದರೇ? ದೊಡ್ಡಜ್ಜಿಯನ್ನು ಕೇಳಿ, ನನಗೂ ಬರೆಯಿರಿ.